ಸಂಜೆ ಔಷಧಿ ಅಂಗಡಿ, ಬೆಳಗಿನ ಜಾವ ನೀಟ್

ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಬರೆಯದೆಯೇ ಉತ್ತೀರ್ಣರಾದ ತಂಡದವಳು ನಾನು. 2021ರಲ್ಲಿ ಕೋವಿಡ್ ಕಾರಣದಿಂದ ಆ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ನಮಗೆಲ್ಲ ಫಲಿತಾಂಶ ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ 12ರಂದು ನಡೆದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಅಂಥ ವಿನಾಯಿತಿ ಯಾರಿಗೂ ಇರಲಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಊರಿನಲ್ಲಿ ಮನೆಗೆಲ್ಲ ಒಂದೇ ಮೊಬೈಲು ಇತ್ತು. ಅಪ್ಪ ಹೊಲದಿಂದ ಬಂದ ಮೇಲೆ ಅದು ನನ್ನ ಕೈಗೆ ಬರುತ್ತಿತ್ತು. ಆ ಹೊತ್ತಿಗೆ ಆನ್‌ಲೈನ್ ತರಗತಿಗಳು ಮುಗಿದಿರುತ್ತಿದ್ದವು. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಪಿಯುಸಿ ವಿಜ್ಞಾನದ ಇಂಗ್ಲಿಷ್ ಇನ್ನೂ ಸರಿಯಾಗಿ ಒಗ್ಗಿರಲಿಲ್ಲ. 720ಕ್ಕೆ 287 ಅಂಕ ಬಂತು. ಅದರಲ್ಲಿ ಭೌತಶಾಸ್ತ್ರದ ಪಾಲು ಹೇಳಿಕೊಳ್ಳುವಂತಿರಲಿಲ್ಲ.

ಒಂದು ವರ್ಷ ಬಿಟ್ಟು ಕೋಚಿಂಗ್ ಸೇರುವುದಕ್ಕೆ ಬೇಕಾಗುವ ಲಕ್ಷದ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೊಗೆಸೊಪ್ಪಿನ ಹರಾಜಿನಲ್ಲಿ ಆ ವರ್ಷ ಕೈಗೆ ಬಂದದ್ದು ಬಹುಪಾಲು ಸಾಲಕ್ಕೇ ಹೋಗಿತ್ತು. "ಡಿಗ್ರಿ ಸೇರ್ಕೊ ಮಗ, ಕೈಯಲ್ಲಿ ಒಂದು ಓದು ಇರ್ಲಿ" ಎಂದರು ಅಪ್ಪ. ಹಾಗೆ ಮೈಸೂರಿನಲ್ಲಿ ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಸೇರಿದೆ. ಅಗ್ರಹಾರದಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ. ಡಾಕ್ಟರಾಗುವ ಆಸೆಯನ್ನು ಬಿಟ್ಟಿದ್ದೇನೆಂದು ಎಲ್ಲರೂ ತಿಳಿದರು, ನಾನೂ ಹಾಗಲ್ಲವೆಂದು ಯಾರಿಗೂ ಹೇಳಲಿಲ್ಲ. ಆ ಮೌನದಿಂದಲೇ ನನ್ನ ಕಷ್ಟ ಶುರುವಾಯಿತೆಂದು ಈಗ ಅನಿಸುತ್ತದೆ.

2022ರ ಜನವರಿಯಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ಸಂಜೆಯ ಕೆಲಸಕ್ಕೆ ಸೇರಿದೆ. ನಾಲ್ಕರಿಂದ ಎಂಟೂವರೆಯವರೆಗೆ ಕೆಲಸ, ತಿಂಗಳಿಗೆ 4,500 ರೂಪಾಯಿ. ಪುಸ್ತಕ, ಜೆರಾಕ್ಸ್, ಮೊಬೈಲ್ ರೀಚಾರ್ಜ್, ಬಸ್ಸಿನ ಖರ್ಚು ಕಳೆದು ಚಿಕ್ಕಮ್ಮನ ಕೈಗೆ ಒಂದಿಷ್ಟು ಕೊಡಲು ಅದು ಸಾಲುತ್ತಿತ್ತು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಿಂತರೆ ಇರ್ವಿನ್ ರಸ್ತೆಯ ಕಡೆಯಿಂದ ಬಿಳಿ ಕೋಟು ಮಡಚಿ ತೋಳಿಗೆ ಹಾಕಿಕೊಂಡು ಬರುವ ವೈದ್ಯಕೀಯ ವಿದ್ಯಾರ್ಥಿಗಳು ಕಾಣುತ್ತಿದ್ದರು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಆ ವೈದ್ಯಕೀಯ ಕಾಲೇಜಿನ ಹಳೆಯ ಕಟ್ಟಡವನ್ನು ದಿನವೂ ದಾಟಿ ಹೋಗುವಾಗ ನಾನು ನಡಿಗೆಯನ್ನು ಸ್ವಲ್ಪ ನಿಧಾನ ಮಾಡುತ್ತಿದ್ದೆ.

ಅಂಗಡಿಯಲ್ಲಿ ನನ್ನ ಕೆಲಸ ಏನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಕೆಲಸ ಹುಡುಕುವವರು ಅದನ್ನು ಸುಮ್ಮನೆ ಕುಳಿತು ಬಿಲ್ ಹಾಕುವ ಕೆಲಸವೆಂದು ಭಾವಿಸುತ್ತಾರೆ. ಔಷಧ ಕೊಡುವ ಹೊಣೆ ನೋಂದಾಯಿತ ಫಾರ್ಮಸಿಸ್ಟ್‌ ಅವರದು. ನಮ್ಮಲ್ಲಿ ಅವರು ನಲವತ್ತು ದಾಟಿದ ಹೆಂಗಸು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಚೀಟಿ ಓದಿ ಹೇಳಿದ್ದನ್ನು ಕಪಾಟಿನಿಂದ ತೆಗೆದುಕೊಡುವುದು, ಬಂದ ಮಾಲನ್ನು ಬ್ಯಾಚ್ ಸಂಖ್ಯೆಯೊಂದಿಗೆ ಹೊಂದಿಸಿ ಇಡುವುದು, ಅವಧಿ ಮುಗಿಯಲು ಮೂರು ತಿಂಗಳು ಉಳಿದ ಔಷಧಗಳನ್ನು ಬೇರ್ಪಡಿಸಿ ವಿತರಕರಿಗೆ ಹಿಂದಿರುಗಿಸಲು ಕಟ್ಟುವುದು, ಇನ್ಸುಲಿನ್ ಇಡುವ ಫ್ರಿಜ್‌ನ ಉಷ್ಣಾಂಶ 2ರಿಂದ 8 ಡಿಗ್ರಿಯ ನಡುವೆ ಇದೆಯೇ ಎಂದು ಬಂದ ಕೂಡಲೇ ನೋಡಿ ಬರೆದಿಡುವುದು ನನ್ನ ಪಾಲಿನವು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಯ ಔಷಧಗಳಿಗೆ ಪ್ರತ್ಯೇಕ ಪುಸ್ತಕವಿತ್ತು. ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಕ್ಕ ತಾವೇ ಅದರಲ್ಲಿ ಬರೆಯುತ್ತಿದ್ದರು, ನನಗೆ ಬಿಡುತ್ತಿರಲಿಲ್ಲ. "ಐದೇ ಮಾತ್ರೆ ಸಾಕು" ಎನ್ನುವವರಿಗೆ ಸ್ಟ್ರಿಪ್ ಕತ್ತರಿಸುವಾಗ ಅವಧಿಯ ದಿನಾಂಕವಿರುವ ತುದಿ ಅಂಗಡಿಯಲ್ಲೇ ಉಳಿಯುವಂತೆ ಕತ್ತರಿಸಬೇಕೆಂಬುದನ್ನೂ ಅವರೇ ಕಲಿಸಿದರು.

ಈ ಕೆಲಸದಿಂದ ಓದಿಗೆ ಲಾಭವಾಯಿತೇ ಎಂದು ಹಲವರು ಕೇಳಿದ್ದಾರೆ. ಆಯಿತು, ಆದರೆ ಅವರು ಭಾವಿಸುವ ರೀತಿಯಲ್ಲಿ ಅಲ್ಲ. ಔಷಧಗಳ ಹೆಸರು ನೀಟ್‌ನಲ್ಲಿ ಕೇಳುವುದು ಕಡಿಮೆ. ಆದರೆ ಮೂತ್ರಪಿಂಡದಿಂದ ರೆನಿನ್ ಬಿಡುಗಡೆಯಾಗಿ, ಅದರಿಂದ ಆಂಜಿಯೋಟೆನ್ಸಿನ್ ಉಂಟಾಗಿ, ರಕ್ತನಾಳ ಬಿಗಿದು ರಕ್ತದೊತ್ತಡ ಏರುವ ಸರಣಿಯನ್ನು ಪುಸ್ತಕದಲ್ಲಿ ಹತ್ತು ಸಲ ಓದಿ ಮರೆತಿದ್ದ ನನಗೆ, ಟೆಲ್ಮಿಸಾರ್ಟನ್ ಮಾತ್ರೆ ಆ ಸರಣಿಯ ಯಾವ ಕೊಂಡಿಯಲ್ಲಿ ಅಡ್ಡ ನಿಲ್ಲುತ್ತದೆ ಎಂದು ಅಕ್ಕ ಒಂದು ಸಂಜೆ ರಟ್ಟಿನ ಡಬ್ಬಿಯ ಮೇಲೆ ಬರೆದು ತೋರಿಸಿದ ಮೇಲೆ ಅದು ಮರೆಯಲೇ ಇಲ್ಲ. ಆ ಮಾತ್ರೆಯನ್ನು ಕೊಳ್ಳಲು ಬರುತ್ತಿದ್ದ ಹತ್ತಾರು ಮುಖಗಳು ಆ ಪಾಠಕ್ಕೆ ಅಂಟಿಕೊಂಡವು.

ದಿನಚರಿ ಹೀಗಿತ್ತು: ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಆರೂಮುಕ್ಕಾಲರವರೆಗೆ ಭೌತಶಾಸ್ತ್ರ, ಒಂಬತ್ತೂವರೆಯಿಂದ ಮೂರೂವರೆಯವರೆಗೆ ಕಾಲೇಜು, ಅಲ್ಲಿಂದ ನೇರವಾಗಿ ಅಂಗಡಿ, ಊಟವಾದ ಮೇಲೆ ಹನ್ನೊಂದರವರೆಗೆ ಜೀವಶಾಸ್ತ್ರ. ಬಿ.ಎಸ್ಸಿ.ಯಲ್ಲಿ ನಾನು ತೆಗೆದುಕೊಂಡ ಎರಡು ವಿಷಯಗಳು ನೀಟ್‌ಗೆ ನೆರವಾಗುತ್ತಿದ್ದವು, ಆದರೆ ಭೌತಶಾಸ್ತ್ರ ನನ್ನ ಪದವಿಯಲ್ಲಿ ಇರಲೇ ಇಲ್ಲ. ಪಿಯುಸಿಯಲ್ಲಿ ಅರ್ಧಂಬರ್ಧ ಬಿಟ್ಟ ಜಾಗದಿಂದ ಒಬ್ಬಳೇ ಮುಂದುವರಿಯಬೇಕಾಗಿತ್ತು. ಪದವಿ ಮಾಡುತ್ತ ನೀಟ್ ಬರೆಯುವ ಯೋಚನೆ ಇರುವವರು ವಿಷಯಗಳನ್ನು ಆಯ್ದುಕೊಳ್ಳುವಾಗ ಇದನ್ನು ಮೊದಲೇ ಗಮನಿಸಬೇಕು. 2022ರ ಜುಲೈನಲ್ಲಿ ನಡೆದ ನೀಟ್‌ಗೆ ನಾನು ಅರ್ಜಿಯನ್ನೇ ಹಾಕಲಿಲ್ಲ. ಆ ಪರೀಕ್ಷೆಗೆ ಗರಿಷ್ಠ ವಯೋಮಿತಿಯನ್ನು ಅದೇ ವರ್ಷ ತೆಗೆದುಹಾಕಿದ್ದು ನನ್ನಂಥವರಿಗೆ ದೊಡ್ಡ ಸಮಾಧಾನ ತಂದಿತ್ತು. ತಡವಾಗಿ ಹೋದರೂ ಬಾಗಿಲು ತೆರೆದೇ ಇರುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಮೇಲಿನ ದಿನಚರಿ ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುತ್ತದೆ. ಅದು ನಡೆದದ್ದು ಮಾತ್ರ ಮೂರು ಸುಳ್ಳುಗಳ ಮೇಲೆ. ಕಾಲೇಜಿನಲ್ಲಿ ನಾನು ಅಂಗಡಿಗೆ ಹೋಗುವುದು ಗೊತ್ತಿರಲಿಲ್ಲ. ಮಧ್ಯಾಹ್ನದ ಪ್ರಯೋಗಾಲಯದ ತರಗತಿ ತಡವಾದರೆ ಹೊಟ್ಟೆನೋವೆಂದು ಹೊರಟುಬಿಡುತ್ತಿದ್ದೆ. ಅಂಗಡಿಯಲ್ಲಿ ನಾನು ನೀಟ್‌ಗೆ ಓದುತ್ತಿರುವುದು ಗೊತ್ತಿರಲಿಲ್ಲ. ಗೊತ್ತಾದರೆ ಇವಳು ಹೆಚ್ಚು ದಿನ ಇರುವವಳಲ್ಲ ಎಂದು ತೆಗೆದುಹಾಕುತ್ತಾರೆಂಬ ಭಯವಿತ್ತು. ಅಪ್ಪನಿಗೆ ಎರಡೂ ಗೊತ್ತಿರಲಿಲ್ಲ. ಕೈಯಲ್ಲಿರುವ ದುಡ್ಡು ಸ್ಕಾಲರ್‌ಶಿಪ್‌ನದೆಂದು ಹೇಳಿದ್ದೆ. ಚಿಕ್ಕಮ್ಮನನ್ನೂ ಈ ಸುಳ್ಳಿಗೆ ಎಳೆದುಕೊಂಡಿದ್ದೆ, ಅದಕ್ಕಾಗಿ ಇಂದಿಗೂ ಬೇಸರವಿದೆ. ಯಾರಿಗೆ ಏನು ಹೇಳಿದ್ದೇನೆ ಎಂಬುದನ್ನು ನೆನಪಿಟ್ಟುಕೊಳ್ಳುವುದೇ ಒಂದು ವಿಷಯದ ಓದಿನಷ್ಟು ಭಾರವಾಗಿತ್ತು, ಮತ್ತು ಕಷ್ಟವಾದಾಗ ಯಾರ ಬಳಿಯೂ ಸಹಾಯ ಕೇಳುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ.

ಆ ವರ್ಷದ ನವೆಂಬರ್‌ನಲ್ಲಿ ಕಾಲೇಜಿನ ಕಿರುಪರೀಕ್ಷೆಗಳಿದ್ದವು. ಮೂರು ರಾತ್ರಿ ನಾಲ್ಕು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ಸಂಜೆ ಏಳರ ಸುಮಾರಿಗೆ ಅಂಗಡಿಯಲ್ಲಿ ಜನ ತುಂಬಿದ್ದಾಗ ವಯಸ್ಸಾದ ಒಬ್ಬರು ಸಕ್ಕರೆ ಕಾಯಿಲೆಯ ಚೀಟಿ ಕೊಟ್ಟರು. ಅಕ್ಕ ಗ್ಲಿಮಿಪಿರೈಡ್ ಒಂದು ಮಿಲಿಗ್ರಾಂ ಎಂದರು. ಒಂದು ಮತ್ತು ಎರಡು ಮಿಲಿಗ್ರಾಂನ ಸ್ಟ್ರಿಪ್‌ಗಳು ಒಂದೇ ಕಂಪನಿಯವು, ಒಂದೇ ಬಣ್ಣದವು, ಅಕ್ಕಪಕ್ಕದ ಖಾನೆಗಳಲ್ಲಿದ್ದವು. ನಾನು ತೆಗೆದದ್ದು ಎರಡು ಮಿಲಿಗ್ರಾಂನದು. ಕವರಿಗೆ ಹಾಕಿಯೂ ಆಗಿತ್ತು. ಅಕ್ಕ ಪ್ರತಿ ಸಲದಂತೆ ಕವರು ಬಿಚ್ಚಿ ಚೀಟಿಗೆ ಹಿಡಿದು ನೋಡಿದರು, ಏನೂ ಹೇಳದೆ ಸ್ಟ್ರಿಪ್ ಬದಲಿಸಿದರು, ಆ ಅಜ್ಜನಿಗೆ ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೆಂದು ಎರಡು ಸಲ ಹೇಳಿ ಕಳಿಸಿದರು.

ಆ ಮಾತ್ರೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ. ಪ್ರಮಾಣ ಎರಡು ಪಟ್ಟಾದರೆ, ಅದೂ ವಯಸ್ಸಾದವರು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದೆಲ್ಲ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಓದಿದ್ದ ಅಧ್ಯಾಯವೇ ಅದಾಗಿತ್ತು. ಗೊತ್ತಿದ್ದೂ ಕಣ್ಣು ಅಂಕಿಯನ್ನು ಓದಿರಲಿಲ್ಲ.

ಅಂಗಡಿಯ ಬಾಗಿಲು ಎಳೆದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು: "ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಾ ಪುಟ್ಟಾ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಪ್ರಶ್ನೆಗೆ ಉತ್ತರ ಹೇಳಲು ಹೋಗಿ ನೀಟ್, ಕಾಲೇಜು, ಅಪ್ಪನಿಗೆ ಹೇಳಿದ ಸುಳ್ಳು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು. ನಾಳೆಯಿಂದ ಯಾವ ಸ್ಟ್ರಿಪ್ ತೆಗೆದರೂ ಹೆಸರು ಮತ್ತು ಪ್ರಮಾಣವನ್ನು ಗಟ್ಟಿಯಾಗಿ ಓದಿಯೇ ಕೊಡಬೇಕೆಂದರು. ಆಮೇಲೆ, "ಯಜಮಾನ್ರಿಗೆ ನಾನು ಹೇಳಲ್ಲ, ನೀನೇ ಹೇಳ್ಬೇಕು. ಕೆಲಸ ಬಿಡಿಸಿದ್ರೂ ಪರವಾಗಿಲ್ಲ, ಹೀಗೆ ನಿಲ್ಲೋದು ಬೇಡ" ಎಂದರು.

ಯಜಮಾನರಿಗೆ ಹೇಳಲು ನನಗೆ ನಾಲ್ಕು ದಿನ ಹಿಡಿಯಿತು. ಅವರು ಲೆಕ್ಕದ ಮನುಷ್ಯ, ಮರುಕದ ಮಾತು ಆಡುವವರಲ್ಲ. ವಾರಕ್ಕೆ ನಾಲ್ಕು ಸಂಜೆ ಮತ್ತು ಭಾನುವಾರ ಅರ್ಧ ದಿನ ಬಂದರೆ ಸಾಕು, ಸಂಬಳ 3,800 ಆಗುತ್ತದೆ, ಪರೀಕ್ಷೆಗೆ ಮುಂಚಿನ ಏಪ್ರಿಲ್ ತಿಂಗಳು ಪೂರ್ತಿ ರಜೆ ತೆಗೆದುಕೊಳ್ಳಬಹುದು, ಆ ತಿಂಗಳ ಸಂಬಳ ಇರುವುದಿಲ್ಲ, ಆದರೆ ಜಾಗ ಇರುತ್ತದೆ ಎಂದರು. ನಾನು ಹತ್ತು ತಿಂಗಳು ಹೆದರಿಕೊಂಡು ಮುಚ್ಚಿಟ್ಟ ವಿಷಯ ಐದು ನಿಮಿಷದಲ್ಲಿ ಇತ್ಯರ್ಥವಾಯಿತು. ಎಲ್ಲ ಯಜಮಾನರೂ ಹೀಗಿರುತ್ತಾರೆಂದು ನಾನು ಹೇಳಲಾರೆ. ಕೇಳದೆ ಇದ್ದಿದ್ದರೆ ನನ್ನ ಯಜಮಾನರು ಹೀಗಿದ್ದಾರೆಂದು ನನಗೂ ತಿಳಿಯುತ್ತಿರಲಿಲ್ಲ.

ಕಾಲೇಜಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಹಾಜರಾತಿ ಶೇಕಡ 75 ಇರಲೇಬೇಕು, ನನ್ನದು ಅದರ ಅಂಚಿನಲ್ಲಿತ್ತು, ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲವೆಂದು ಪ್ರಾಣಿಶಾಸ್ತ್ರದ ಮೇಡಂ ಸ್ಪಷ್ಟವಾಗಿ ಹೇಳಿದರು. ಆದರೆ ಪ್ರಯೋಗಾಲಯದ ನನ್ನ ತಂಡವನ್ನು ಮಧ್ಯಾಹ್ನದಿಂದ ಬೆಳಗಿನ ಹೊತ್ತಿಗೆ ಬದಲಿಸಿಕೊಟ್ಟರು, ಮತ್ತು ಭೌತಶಾಸ್ತ್ರ ವಿಭಾಗದ ಒಬ್ಬ ಅತಿಥಿ ಉಪನ್ಯಾಸಕರ ಬಳಿ ಕರೆದುಕೊಂಡು ಹೋಗಿ ಪರಿಚಯಿಸಿದರು. ಆ ಮೇಷ್ಟ್ರು ಶನಿವಾರ ತರಗತಿಗಳಾದ ಮೇಲೆ ಒಂದು ಗಂಟೆ ನನ್ನ ಲೆಕ್ಕಗಳನ್ನು ನೋಡುತ್ತಿದ್ದರು; ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಘರ್ಷಣೆ ಬಲದ ದಿಕ್ಕನ್ನು ನಾನು ಪ್ರತಿ ಸಲ ತಪ್ಪು ಹಾಕುತ್ತಿದ್ದುದನ್ನು ಅವರು ಮೊದಲ ಶನಿವಾರವೇ ಕಂಡುಹಿಡಿದರು. ಅಷ್ಟು ಕಾಲ ನಾನು ಒಬ್ಬಳೇ ಆ ತಪ್ಪನ್ನು ಅಭ್ಯಾಸ ಮಾಡುತ್ತಿದ್ದೆ.

ಓದಿನ ಕ್ರಮವನ್ನೂ ಆಗಲೇ ಬದಲಿಸಿದೆ. ಅದುವರೆಗೆ ದಿನಕ್ಕೆ ಎಷ್ಟು ಗಂಟೆ ಓದಿದೆ ಎಂದು ಡೈರಿಯಲ್ಲಿ ಬರೆಯುತ್ತಿದ್ದೆ, ಆ ಲೆಕ್ಕ ನನಗೆ ಮೋಸ ಮಾಡಿತ್ತು. ಅಂಗಡಿಯಿಂದ ಬಂದ ಮೇಲಿನ ಎರಡು ಗಂಟೆಯಲ್ಲಿ ಓದಿದ್ದು ಮರುದಿನ ನೆನಪಿರುತ್ತಿರಲಿಲ್ಲ. ರಾತ್ರಿಯ ಓದನ್ನು ಪೂರ್ತಿ ಬಿಟ್ಟು ಹತ್ತಕ್ಕೆ ಮಲಗತೊಡಗಿದೆ. ಬೆಳಗಿನ ಎರಡು ಗಂಟೆ ಹೊಸ ಪಾಠಕ್ಕೆ; ಕಾಲೇಜಿನ ಬಿಡುವಿನಲ್ಲಿ ಜೀವಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕದ ಹತ್ತು ಪುಟ; ಅಂಗಡಿ ಇಲ್ಲದ ಸಂಜೆಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವ ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನು ಬಿಡುವ ಅಭ್ಯಾಸವೂ ಬೇಕು. ಅದಕ್ಕಾಗಿ ಬಿಟ್ಟ ಪ್ರಶ್ನೆಗಳನ್ನೇ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಪ್ರಶ್ನೆಪತ್ರಿಕೆಗೆ ಕನ್ನಡವನ್ನು ಆರಿಸಿಕೊಂಡೆ. ಅದರಲ್ಲಿ ಪ್ರಶ್ನೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇರುತ್ತದೆ. ಇಂಗ್ಲಿಷಿನ ಉದ್ದ ವಾಕ್ಯದಲ್ಲಿ ಸಿಕ್ಕಿಕೊಂಡಾಗ ಕಣ್ಣನ್ನು ಕನ್ನಡದ ಸಾಲಿಗೆ ಹೊರಳಿಸಿದರೆ ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಿಳಿಯುತ್ತಿತ್ತು. ಕನ್ನಡ ಮಾಧ್ಯಮದಿಂದ ಬಂದವರು ಈ ಸೌಲಭ್ಯವನ್ನು ಅವಮಾನವೆಂದು ಬಿಡುವುದನ್ನು ನೋಡಿದ್ದೇನೆ, ನನಗೆ ಅದು ಸರಿಯೆನಿಸುವುದಿಲ್ಲ.

2023ರ ಮೇ 7ರ ಪರೀಕ್ಷೆಯಲ್ಲಿ 431 ಅಂಕ ಬಂತು. ಸರ್ಕಾರಿ ಸೀಟಿಗೆ ಸಾಲದು. ಆದರೆ ಅಪ್ಪನಿಗೆ ಹೇಳುವ ಧೈರ್ಯ ಬಂದದ್ದು ಆ ಅಂಕದಿಂದ.

ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹದವಾಗಲು ಬೇಯುತ್ತಿತ್ತು. ಬೆಂಕಿ ರಾತ್ರಿಯೆಲ್ಲ ಒಂದೇ ಹದದಲ್ಲಿರಬೇಕು, ಆದ್ದರಿಂದ ಯಾರಾದರೂ ಎಚ್ಚರವಾಗಿಯೇ ಇರಬೇಕು. ಅವ್ವ ಮಲಗಲು ಹೋದ ಮೇಲೆ ನಾನು ಅಪ್ಪನ ಜೊತೆ ಕುಳಿತೆ. ಅಂಗಡಿಯ ವಿಷಯ, ಸ್ಕಾಲರ್‌ಶಿಪ್ ಎಂದದ್ದು ಸುಳ್ಳೆಂಬ ವಿಷಯ, ಮತ್ತೆ ನೀಟ್ ಬರೆದ ವಿಷಯ, ಇನ್ನೊಮ್ಮೆ ಬರೆಯುವ ವಿಷಯ, ಎಲ್ಲವನ್ನೂ ಹೇಳಿದೆ. ಅಪ್ಪ ಒಲೆಗೆ ಸೌದೆ ಸರಿಸುತ್ತ ಬಹಳ ಹೊತ್ತು ಸುಮ್ಮನಿದ್ದರು. ಕೋಪ ಬಂದಿದೆ ಎಂದುಕೊಂಡೆ. ಆಮೇಲೆ ಕೇಳಿದರು: "ಅಲ್ಲಿ ನಿಂತೇ ಇರ್ಬೇಕಾ ಮಗ? ಕೂರೋಕೆ ಏನೂ ಇಲ್ವಾ?"

ಕೊನೆಯ ವರ್ಷ ಎಲ್ಲರಿಗೂ ಎಲ್ಲ ಗೊತ್ತಿದ್ದ ವರ್ಷ. ಅಂಗಡಿ, ಆರನೆಯ ಸೆಮಿಸ್ಟರು, ನೀಟ್ ಮೂರೂ ಒಟ್ಟಿಗೆ ಬಂದರೂ ಅದು ಮೊದಲ ವರ್ಷದಷ್ಟು ಕಷ್ಟವೆನಿಸಲಿಲ್ಲ. ಶಕ್ತಿ ಯೋಜನೆ ಬಂದಿದ್ದರಿಂದ ಬಸ್ಸಿನ ಖರ್ಚು ಇಲ್ಲವಾಗಿ, ಸುಸ್ತಾದ ದಿನ ಅಗ್ರಹಾರದವರೆಗೆ ನಡೆಯುವ ಬದಲು ಬಸ್ಸು ಹತ್ತುತ್ತಿದ್ದೆ, ತಿಂಗಳಿಗೊಮ್ಮೆ ಊರಿಗೂ ಹೋಗಿಬರುತ್ತಿದ್ದೆ. 2024ರ ಮೇ 5ರಂದು ಬರೆದ ಪರೀಕ್ಷೆ ಚೆನ್ನಾಗಿಯೇ ಆಯಿತು. ಜೂನ್ 4ರಂದು 567 ಅಂಕ ಬಂದಾಗ ಚಿಕ್ಕಮ್ಮ ಪಾಯಸ ಮಾಡಿದರು. ಆದರೆ ಆ ವರ್ಷ ಎಲ್ಲರ ಅಂಕಗಳೂ ಏರಿದ್ದವು. 67 ಮಂದಿಗೆ 720ಕ್ಕೆ 720 ಬಂದಿತ್ತು. ನನ್ನ ರ‍್ಯಾಂಕು ಲಕ್ಷದಾಚೆ ಇತ್ತು.

ಫಲಿತಾಂಶದ ಬೆನ್ನಿಗೆ ಎರಡು ತಿಂಗಳು ನಡೆದ ಗೊಂದಲ ಎಲ್ಲರಿಗೂ ಗೊತ್ತಿರುವುದೇ, ಕೃಪಾಂಕ, ಮರುಪರೀಕ್ಷೆ, ಸುಪ್ರೀಂ ಕೋರ್ಟಿನ ವಿಚಾರಣೆ. ಅದರಲ್ಲಿ ನನಗೆ ನೇರವಾಗಿ ತಟ್ಟಿದ್ದು ಭೌತಶಾಸ್ತ್ರದ ಒಂದೇ ಪ್ರಶ್ನೆ. ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿರುತ್ತವೆ ಎಂಬ ಹೇಳಿಕೆ ಸರಿಯೇ ತಪ್ಪೇ ಎಂಬುದು ಅದರಲ್ಲಿತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ವಾಕ್ಯ ಹಾಗೆಯೇ ಇತ್ತು. ಹೊಸ ಮುದ್ರಣದಲ್ಲಿ ಬಹುತೇಕ ಧಾತುಗಳ ಎಂದು ತಿದ್ದಲಾಗಿತ್ತು. ಪರೀಕ್ಷಾ ಸಂಸ್ಥೆ ಮೊದಲು ಎರಡೂ ಉತ್ತರಗಳನ್ನು ಒಪ್ಪಿತ್ತು. ಜುಲೈನಲ್ಲಿ ನ್ಯಾಯಾಲಯದ ಸೂಚನೆಯಂತೆ ದೆಹಲಿ ಐಐಟಿಯ ಮೂವರು ತಜ್ಞರು ಪರಿಶೀಲಿಸಿ ಒಂದೇ ಉತ್ತರ ಸರಿಯೆಂದರು, ಹಳೆಯ ಪುಸ್ತಕದ ಪ್ರಕಾರ ಗುರುತು ಹಾಕಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ತಲಾ ಐದು ಅಂಕ ಹೋಯಿತು. ವಿಜ್ಞಾನದ ದೃಷ್ಟಿಯಿಂದ ತಜ್ಞರು ಹೇಳಿದ್ದು ಸರಿ. ವಿಕಿರಣಶೀಲ ಧಾತುಗಳ ಪರಮಾಣುಗಳು ಸ್ಥಿರವಲ್ಲ, ಇದು ನನಗೂ ಗೊತ್ತಿರಬೇಕಾಗಿತ್ತು. ಆದರೂ ಒಂದು ಮಾತು ಹೇಳಲೇಬೇಕು: ಹಳೆಯ ಮುದ್ರಣದ ಪುಸ್ತಕ ಇಟ್ಟುಕೊಂಡು ಓದುವವರಲ್ಲಿ ನನ್ನ ಹಾಗೆ ಸೆಕೆಂಡ್‌ಹ್ಯಾಂಡ್ ಕೊಂಡವರೂ, ಅಕ್ಕನಿಂದ ತಂಗಿಗೆ ಪುಸ್ತಕ ದಾಟಿ ಬರುವ ಮನೆಗಳವರೂ ಇರುತ್ತಾರೆ. 567 ಇದ್ದದ್ದು 562 ಆಯಿತು. ಆ ಐದು ಅಂಕ ಇದ್ದಿದ್ದರೂ ನನಗೆ ಸೀಟು ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ಮರುವಾರವೇ ಹೊಸ ಮುದ್ರಣದ ಪುಸ್ತಕಗಳನ್ನು ಕೊಂಡೆ.

ಬಿ.ಎಸ್ಸಿ. ಪ್ರಥಮ ದರ್ಜೆಯಲ್ಲಿ ಮುಗಿಯಿತು. ಸ್ನೇಹಿತೆಯರು ಎಂ.ಎಸ್ಸಿ., ಬಿ.ಇಡಿ. ಎಂದು ಹೊರಟರು. ಮುಂದಿನ ವರ್ಷ ಕಾಲೇಜು ಇರಲಿಲ್ಲ, ಅಂಗಡಿಯಲ್ಲಿ ಬೆಳಗಿನ ಹೊತ್ತು ನಾಲ್ಕು ಗಂಟೆ ಕೆಲಸ ಮಾಡಿ ಉಳಿದ ದಿನವನ್ನೆಲ್ಲ ಓದಿಗಿಟ್ಟೆ. 2025ರ ಮೇ 4ರ ಪರೀಕ್ಷೆಯಲ್ಲಿ ಹಿಂದಿನ ವರ್ಷಗಳಂತೆ ಆರಿಸಿಕೊಂಡು ಉತ್ತರಿಸುವ ಹೆಚ್ಚುವರಿ ಪ್ರಶ್ನೆಗಳಿರಲಿಲ್ಲ, 180 ನಿಮಿಷಕ್ಕೆ 180 ಪ್ರಶ್ನೆ, ಭೌತಶಾಸ್ತ್ರ ಹಿಂದೆಂದೂ ಕಾಣದಷ್ಟು ಕಠಿಣವಾಗಿತ್ತು. ಹೊರಗೆ ಬಂದವರು ಅಳುತ್ತಿದ್ದರು. ನಾನು ಭೌತಶಾಸ್ತ್ರದಲ್ಲಿ ಹದಿನಾರು ಪ್ರಶ್ನೆಗಳನ್ನು ಮುಟ್ಟದೆ ಬಿಟ್ಟು ಬಂದಿದ್ದೆ. 507 ಅಂಕ ಬಂತು. ಹಿಂದಿನ ವರ್ಷಕ್ಕಿಂತ ಅಂಕ ಇಳಿದಿತ್ತು, ರ‍್ಯಾಂಕು ಮಾತ್ರ ಅರ್ಧಕ್ಕೂ ಕಡಿಮೆ ಸಂಖ್ಯೆಗೆ ಬಂದಿತ್ತು.

ಆಮೇಲಿನದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್ ಮತ್ತು ಕಾಗದಪತ್ರಗಳ ಓಡಾಟ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಅದಕ್ಕೆ ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಇವನ್ನು ಫಲಿತಾಂಶ ಬರುವ ಮೊದಲೇ ಮಾಡಿಸಿಟ್ಟುಕೊಂಡಿದ್ದೆ, ಕೆಲಸಕ್ಕೆ ಹೋಗುವವರಿಗೆ ಕೊನೆಯ ಗಳಿಗೆಯಲ್ಲಿ ರಜೆ ಸಿಗುವುದು ಕಷ್ಟ. ಗ್ರಾಮೀಣ ಮೀಸಲಾತಿಯಡಿ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಅಂಗಡಿಯ ಕೊನೆಯ ದಿನ ಅಪ್ಪ ಮೈಸೂರಿಗೆ ಬಂದರು. ಮೂರೂವರೆ ವರ್ಷದಲ್ಲಿ ಅವರು ಆ ಅಂಗಡಿಯನ್ನು ನೋಡಿರಲಿಲ್ಲ. ಅಕ್ಕನಿಗೆಂದು ಹೊಲದ ಹುರುಳಿಕಾಳು ಒಂದು ಚೀಲ ತಂದಿದ್ದರು. ಒಳಗೆ ಬನ್ನಿ ಎಂದರೂ ಬಾರದೆ ಕೌಂಟರಿನ ಹೊರಗೆ ಬೇರೆ ಗಿರಾಕಿಗಳ ಜೊತೆ ನಿಂತು, ಜೇಬಿನಿಂದ ಬಿ.ಪಿ. ಮಾತ್ರೆಯ ಚೀಟಿ ತೆಗೆದು ನನ್ನ ಕಡೆ ಚಾಚಿದರು. ನಾನು ಕಪಾಟಿನಿಂದ ಸ್ಟ್ರಿಪ್ ತೆಗೆದು ಹೆಸರನ್ನೂ ಪ್ರಮಾಣವನ್ನೂ ಗಟ್ಟಿಯಾಗಿ ಓದಿ ಅಕ್ಕನ ಕೈಗೆ ಕೊಟ್ಟೆ. ಅಕ್ಕ ಚೀಟಿಗೆ ಹಿಡಿದು ನೋಡಿ ತಲೆಯಾಡಿಸಿದರು. ದುಡ್ಡು ಬೇಡವೆಂದು ಅವರು ಹೇಳುವಷ್ಟರಲ್ಲಿ ಅಪ್ಪ ನೋಟು ಮುಂದಿಟ್ಟು, "ಬಿಲ್ ಹಾಕು ಮಗ" ಎಂದರು.